ಶಾಲು ಹೊದಿಸಿದೆವು, ನಡವಳಿಯಲ್ಲಿ ಬರೆಯಲಿಲ್ಲ

ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದಾಗ ನಾನು ಮಾಡಿದ ತಪ್ಪೊಂದನ್ನು, ಈ ಹುದ್ದೆಗೆ ಹೊಸದಾಗಿ ಬರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದು, ಸಂಪಾಜೆಯ ಮಾರ್ಗವೂ ಕಡಿದುಹೋದಾಗ, ನಮ್ಮ ಊರುಗಳಿಗೆ ಎಲ್ಲರಿಗಿಂತ ಮೊದಲು ತಲುಪಿದ್ದು ಸುತ್ತಲಿನ ಹಳ್ಳಿಯವರೇ ಕಟ್ಟಿಕೊಂಡಿದ್ದ ಒಂದು ಸ್ವಯಂಸೇವಾ ತಂಡ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾವ ತೋಟದ ಲೈನ್ ಮನೆಯಲ್ಲಿ ಪಡಿತರ ಚೀಟಿಯಿಲ್ಲದ ಅಸ್ಸಾಮಿನ ಕಾರ್ಮಿಕರಿದ್ದಾರೆ, ಯಾವ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದಲ್ಲಿ ಒರತೆಯ ನೀರು ಕೆಂಪಾಗತೊಡಗಿದೆ ಎಂಬುದು ನಮ್ಮ ಕಚೇರಿಯ ಯಾವ ವಹಿಯಲ್ಲೂ ಇರಲಿಲ್ಲ. ಅದೆಲ್ಲ ಅವರ ಬಾಯಲ್ಲಿತ್ತು. ಮರುವರ್ಷದ ಗಣರಾಜ್ಯೋತ್ಸವದಂದು ಅವರನ್ನು ವೇದಿಕೆಗೆ ಕರೆದು, ಶಾಲು, ಹಣ್ಣಿನ ಬುಟ್ಟಿ, ಪ್ರಶಸ್ತಿ ಪತ್ರ ಕೊಟ್ಟೆವು. ಮಾನ್ಯತೆ ಕೊಟ್ಟಾಯಿತೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

2019ರ ಆಗಸ್ಟ್‌ನಲ್ಲಿ ಮಳೆ ಮತ್ತೆ ಬಿತ್ತು. ಪರಿಹಾರ ಕೇಂದ್ರದ ದಾರಿಗೆ ಮರ ಉರುಳಿದೆಯೆಂದು ರಾತ್ರಿ ನಾನೇ ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಮರ ಕಡಿಯುತ್ತಿದ್ದಾಗ ಪಕ್ಕದ ಬರೆ ಜರಿದು ಒಬ್ಬ ಯುವಕನ ಕಾಲು ಮುರಿಯಿತು. ಚಿಕಿತ್ಸೆಯ ವೆಚ್ಚಕ್ಕಾಗಿ ಬರೆದಾಗ, ಆತ ಯಾರ ಆದೇಶದ ಮೇಲೆ ಅಲ್ಲಿಗೆ ಹೋಗಿದ್ದನೆಂದು ಮೇಲಿನ ಕಚೇರಿ ಕೇಳಿತು. ನನ್ನ ಫೋನ್ ಕರೆಯ ಹೊರತು ತೋರಿಸಲು ಒಂದು ಸಾಲಿನ ಕಾಗದವೂ ನನ್ನಲ್ಲಿರಲಿಲ್ಲ. ಊರವರು ಹಣ ಕೂಡಿಸಿದರು, ಕಡತ ಹಾಗೆಯೇ ಉಳಿಯಿತು. ಅದೇ ವಾರ ಅಕ್ಕಿ, ಕಂಬಳಿ ತುಂಬಿದ್ದ ಅವರ ಜೀಪನ್ನು ತಡೆಗೇಟಿನಲ್ಲಿ ಎರಡು ಗಂಟೆ ನಿಲ್ಲಿಸಲಾಗಿತ್ತು. ಕುಸಿದ ಗುಡ್ಡವನ್ನು ನೋಡಲು ಬರುವವರಿಂದ ಇವರನ್ನು ಬೇರ್ಪಡಿಸಲು ಕಾವಲಿನವರ ಕೈಯಲ್ಲೂ ಯಾವ ಗುರುತು ಇರಲಿಲ್ಲ.

ಮಳೆ ಇಳಿದ ಮೇಲೆ, ತಂಡಕ್ಕೆ ಠರಾವಿನ ಮೂಲಕ ಲಿಖಿತ ಮಾನ್ಯತೆ ಕೊಡುವ ವಿಷಯವನ್ನು ಪಂಚಾಯಿತಿಯ ಸಾಮಾನ್ಯ ಸಭೆಗೆ ತಂದೆ. ಒಂದು ತಂಡಕ್ಕೆ ಕೊಟ್ಟರೆ ಎಲ್ಲರೂ ಕೇಳುತ್ತಾರೆಂಬ ಆಕ್ಷೇಪ ಬಂತು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ನೋಂದಾಯಿತವಾಗಿ ಸದಸ್ಯರ ಪಟ್ಟಿ ಒಪ್ಪಿಸುವ ಯಾವ ಸಂಘವೂ ಅರ್ಜಿ ಹಾಕಬಹುದೆಂದು ಸೇರಿಸಿದ ಮೇಲೆ ಅದು ತಣ್ಣಗಾಯಿತು. ವಿಪತ್ತು ನಿರ್ವಹಣಾ ಕಾಯಿದೆ 2005ರ 30ನೆಯ ಪ್ರಕರಣವು, ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರವು ತಳಮಟ್ಟದ ಸ್ವಯಂಸೇವಾ ಸಂಸ್ಥೆಗಳನ್ನು ತೊಡಗಿಸಿಕೊಳ್ಳಲು ಪ್ರೋತ್ಸಾಹಿಸಬೇಕೆಂದು ಹೇಳುತ್ತದೆ. ಆದ್ದರಿಂದ ಠರಾವಿನ ಪ್ರತಿಯನ್ನು ತಹಶೀಲ್ದಾರರ ಮೂಲಕ ಅಲ್ಲಿಗೂ, ಪೊಲೀಸ್ ಠಾಣೆಗೂ ಕಳುಹಿಸಿದೆವು. ಸದಸ್ಯರ ಹೆಸರು, ರಕ್ತದ ಗುಂಪು, ಗುರುತಿನ ಚೀಟಿ, ಹಗ್ಗ ಮತ್ತು ಮರ ಕೊಯ್ಯುವ ಯಂತ್ರವಿರುವ ಕೋಣೆಯ ಬೀಗದ ಕೈ ಯಾರಲ್ಲಿರಬೇಕು, ಯಂತ್ರವನ್ನು ಯಾರು ಮಾತ್ರ ಮುಟ್ಟಬಹುದು, ತುಂಬಿದ ಹೊಳೆಗೆ ಇಳಿಯುವ ಕೆಲಸ ಅಗ್ನಿಶಾಮಕ ದಳದವರಿಗೇ ಬಿಟ್ಟದ್ದು ಎಂಬುದೆಲ್ಲ ಠರಾವಿನಲ್ಲಿತ್ತು.

ಆದರೆ ಅತ್ಯಂತ ಬೆಲೆಯುಳ್ಳ ಸಾಲನ್ನು ಬರೆಸಿದವರು ತಂಡದವರೇ. ಮಾನ್ಯತೆ ಪಡೆದ ಮೇಲೆ ಹೇಳಿದಲ್ಲಿಗೆಲ್ಲ ಓಡಬೇಕಾದೀತೆಂಬ ಅಂಜಿಕೆ ಅವರಿಗಿತ್ತು. ನೆಲ ಅಪಾಯಕರವೆಂದು ಸ್ಥಳದಲ್ಲಿರುವ ಮುಖ್ಯಸ್ಥರಿಗೆ ತೋರಿದರೆ ಕರೆಯನ್ನು ನಿರಾಕರಿಸುವ ಅಧಿಕಾರ ತಮಗಿರಬೇಕೆಂದು ಅವರು ಹಟ ಹಿಡಿದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿಯಾದ ದಿನಗಳಲ್ಲಿ, ನಾನು ರಾತ್ರಿ ಕೇಳಿದ ಒಂದು ಕೆಲಸಕ್ಕೆ ಅವರು ಬೆಳಕಾಗಲೆಂದರು. ನಾನು ಎದುರಾಡಲಿಲ್ಲ. ಬೆಳಿಗ್ಗೆ ನೋಡಿದಾಗ ಆ ಕಾಲುದಾರಿಯ ಅರ್ಧವೇ ಇರಲಿಲ್ಲ.

ವಿಮೆಯ ವಿಷಯ ಮಾತ್ರ ನನ್ನ ಕಾಲದಲ್ಲಿ ಬಗೆಹರಿಯಲಿಲ್ಲ. ಎಲ್ಲರನ್ನೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿದೆವು. ಆದರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಆ ಯೋಜನೆ ಮುರಿದ ಕಾಲಿನ ಆಸ್ಪತ್ರೆ ವೆಚ್ಚವನ್ನು ಭರಿಸುವುದಿಲ್ಲ. ಕಾಲಿಗೆ ಪೆಟ್ಟಾಗಿದ್ದ ಆ ಯುವಕ ಬರೆ ಹತ್ತುವುದನ್ನು ಬಿಟ್ಟು, ಮಳೆಗಾಲದ ರಾತ್ರಿಗಳಲ್ಲಿ ಪಂಚಾಯಿತಿ ಕಚೇರಿಯಲ್ಲಿ ಕುಳಿತು ಕರೆಗಳ ವಹಿ ಬರೆಯುವ ಹೊಣೆ ಹೊತ್ತರು: ಕರೆದವರ ಹೆಸರು, ಹೋದವರ ಹೆಸರು, ಹೊರಟ ಹೊತ್ತು, ಮರಳಿದ ಹೊತ್ತು.