ಸಮುದ್ರ ದೊಡ್ಡದೇ ಸಾರ್

"ಸಮುದ್ರ ದೊಡ್ಡದೇ ಸಾರ್. ಹವಳ ಇರೋ ಜಾಗ ಚಿಕ್ಕದು."

ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿರುವುದು ಇದೇ ಮಾತು. ಸ್ನಾರ್ಕ್ಲಿಂಗ್‌ಗೆ ಇಳಿಯುವ ಮುಂಚೆ ದೋಣಿಯಲ್ಲಿ ಗೈಡ್ ಹುಡುಗ ಹೇಳಿದ್ದು. ಜೊತೆಗಿದ್ದ ಮಹಾಶಯರೊಬ್ಬರು ಮೈಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು, ಖಾಲಿ ಟ್ಯೂಬನ್ನು ಸುಮ್ನೆ ನೀರಿಗೆ ಎಸೆದರು. ಹುಡುಗ ಬಗ್ಗಿ ಎತ್ತಿಕೊಂಡ. "ಇಷ್ಟು ದೊಡ್ಡ ಸಮುದ್ರಕ್ಕೆ ಇದೊಂದು ಲೆಕ್ಕಾನಾ?" ಅಂದರು ಇವರು. ಅದಕ್ಕೆ ಬಂದ ಉತ್ತರ ಅದು. ಸಿಟ್ಟಿರಲಿಲ್ಲ, ಉಪದೇಶವೂ ಇರಲಿಲ್ಲ. ಮಹಾಶಯರು ನಕ್ಕರು. ದುಡ್ಡು ಕೊಟ್ಟು ಬಂದಿದ್ದೀನಿ ಅನ್ನುವ ನಗು. ನನಗಂತೂ ಮೈ ಉರಿಯಿತು.

ಹುಡುಗನ ಲೆಕ್ಕ ಸರಿ. ಸಮುದ್ರದ ತಳದಲ್ಲಿ ಹವಳದ ದಿಬ್ಬಗಳಿರುವ ಜಾಗ ಶೇ. 1ರಷ್ಟೂ ಇಲ್ಲ. ಆದರೂ ಕಡಲ ಜೀವಿಗಳ ಜಾತಿಗಳಲ್ಲಿ ಸುಮಾರು ಕಾಲು ಭಾಗ ಅವನ್ನೇ ನೆಚ್ಚಿಕೊಂಡಿವೆ. ನೀರೊಳಗೆ ಮುಖವಿಟ್ಟರೆ ಅದು ಕಣ್ಣಿಗೇ ಕಾಣುತ್ತದೆ. ಕವಲೊಡೆದ ಹವಳದ ಸಂದಿಯಲ್ಲಿ ಬೆರಳುದ್ದದ ನೀಲಿ ಮೀನುಗಳು. ನನ್ನ ನೆರಳು ಬಿದ್ದದ್ದೇ ತಡ, ಅಷ್ಟೂ ಒಳಗೆ ಮಾಯ. ಒಂದು ಮಾರು ಆಚೆಗಿನ ಹವಳಕ್ಕೆ ಪಾಚಿ ಹತ್ತಿ ದಪ್ಪಗೆ ಕೂತಿತ್ತು. ಅಲ್ಲಿ ಒಂದು ಮೀನೂ ಇಲ್ಲ.

ಟ್ಯೂಬೇನೋ ಕಣ್ಣಿಗೆ ಬಿತ್ತು, ಎತ್ತಿಕೊಂಡಾಯಿತು. ಕ್ರೀಮಿಗೂ ಕಾನೂನು ಬಂದಿದೆ. ಹವಳಕ್ಕೆ ಕೆಡುಕೆಂದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಪಲಾವ್ ಕೆಲವು ಸನ್‌ಸ್ಕ್ರೀನ್‌ಗಳನ್ನು 2020ರಲ್ಲೇ ನಿಷೇಧಿಸಿತು. ಆದರೆ ಚರಂಡಿ? ಕೊಳಚೆಯ ಜೊತೆ, ಹೊಲದ ಗೊಬ್ಬರದ ಜೊತೆ ಸಾರಜನಕ ಬಂದು ಸೇರಿದರೆ ಪಾಚಿಗೆ ಹಬ್ಬ. ಕೆಸರು ಬಂದರೆ ಬೆಳಕಿಗೇ ಅಡ್ಡ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಇನ್ನೊಂದು ಬಗೆಯ ಪಾಚಿ ಇರುತ್ತದೆ. ಬೆಳಕಿನಿಂದ ಆಹಾರ ತಯಾರಿಸಿ ಹವಳವನ್ನು ಸಾಕುವುದು ಅದೇ. ನೀರು ವಿಪರೀತ ಬಿಸಿಯಾದರೆ ಹವಳ ಅದನ್ನೂ ಹೊರಹಾಕಿ ಬೆಳ್ಳಗಾಗುತ್ತದೆ. 2023ರಿಂದ ಜಗತ್ತಿನ ಉದ್ದಗಲಕ್ಕೂ ಹಾಗಾಯಿತು. ಬಿಸಿಯನ್ನು ಒಂದು ಊರು ತಡೆಯಲಾರದು, ನಿಜ. ಚರಂಡಿಯನ್ನು ತಡೆಯಬಹುದಲ್ವಾ?

ತಡೆದದ್ದೂ ಉಂಟು. ಹವಾಯಿಯ ಕನೇಯೋಹೆ ಕೊಲ್ಲಿಗೆ ವರ್ಷಗಟ್ಟಲೆ ಕೊಳಚೆ ಬಿಟ್ಟರು. ಪಾಚಿ ಹವಳವನ್ನು ಮುಚ್ಚಿಹಾಕಿತು. 1977-78ರಲ್ಲಿ ಪೈಪನ್ನು ಬೇರೆ ಕಡೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಪಾಚಿ ಇಳಿದು ಹವಳ ಮತ್ತೆ ಚಿಗುರಿತು.

ತಿರುಗಿಸಿದ್ದು ಎಲ್ಲಿಗೆ ಅಂತೀರಾ? ಕೊಲ್ಲಿಯಾಚೆಯ ತೆರೆದ ಸಮುದ್ರಕ್ಕೆ! ಇಷ್ಟು ದೊಡ್ಡ ಸಮುದ್ರ ಅನ್ನುವ ಧೈರ್ಯವೇ ಇರಬೇಕು. ಈ ಭಾಗ ನಮ್ಮ ಮಹಾಶಯರ ಕಿವಿಗೆ ಬೀಳದಿದ್ದರೆ ಸಾಕು.