ಲೆಕ್ಕಶಾಸ್ತ್ರಕ್ಕೆ ಗುಂಪು ಕಲಿಕೆ ಯಾಕೆ?

ದಾವಣಗೆರೆಯಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರ ಕಲಿಸುವ ನನ್ನನ್ನು ಪೋಷಕರೂ ಸಹೋದ್ಯೋಗಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯಬೇಕಾದ ಮೇಲೆ ಗುಂಪು ಕಟ್ಟಿ ಕಲಿಸುವುದು ಯಾಕೆ?

ಜರ್ನಲ್ ನಮೂದು, ಲೆಡ್ಜರ್, ತಾಳೆಪಟ್ಟಿ ಇವು ಒಬ್ಬರೇ ಕೂತು ಕೈ ಪಳಗಿಸಿಕೊಳ್ಳಬೇಕಾದವು. ಅವನ್ನು ಗುಂಪಿಗೆ ಕೊಡುವುದು ಕಾಲಹರಣವೆಂದೇ ನನ್ನ ಅಭಿಪ್ರಾಯ. ಆದರೆ ಆಡಿಟರ್ ಕಚೇರಿಗೆ ಸೇರಿದವರು ಇನ್ನೊಬ್ಬರು ಬರೆದ ಲೆಕ್ಕವನ್ನು ಓದಬೇಕು, ಅಂಗಡಿಯ ಗುಮಾಸ್ತರಿಂದ ಮುನಿಸಿಲ್ಲದೆ ವಿವರಣೆ ಪಡೆಯಬೇಕು, ತಮ್ಮ ಕೆಲಸದ ಬಗ್ಗೆ ಹಿರಿಯರು ಎತ್ತಿದ ಆಕ್ಷೇಪಕ್ಕೆ ಉತ್ತರಿಸಬೇಕು. ವೃತ್ತಿಪರ ಲೆಕ್ಕಿಗರ ತರಬೇತಿಗೆಂದು ರೂಪಿಸಿದ ಅಂತರರಾಷ್ಟ್ರೀಯ ಲೆಕ್ಕಶಿಕ್ಷಣ ಮಾನದಂಡ 3 (ಐಇಎಸ್ 3) ಕೂಡ ವೃತ್ತಿಕೌಶಲಗಳಲ್ಲಿ ಬೌದ್ಧಿಕ ಸಾಮರ್ಥ್ಯದ ಜೊತೆಗೇ ಸಂವಹನವನ್ನೂ ಪರಸ್ಪರ ವ್ಯವಹಾರವನ್ನೂ ಎಣಿಸುತ್ತದೆ.

ನಮ್ಮ ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರವನ್ನೇ ಹೋಲುವ ಒಂದು ಲೆಕ್ಕವನ್ನು ಹೆಣೆದು, ನಾಲ್ವರಲ್ಲಿ ಒಬ್ಬರಿಗೆ ಖರೀದಿ ಚೀಟಿಗಳನ್ನು, ಒಬ್ಬರಿಗೆ ದಾಸ್ತಾನು ಪುಸ್ತಕವನ್ನು, ಒಬ್ಬರಿಗೆ ನಗದು ಪುಸ್ತಕವನ್ನು, ಉಳಿದವರಿಗೆ ಬ್ಯಾಂಕಿನ ವಿವರವನ್ನು ಕೊಡುತ್ತೇನೆ. ಒಬ್ಬರ ಕಾಗದವನ್ನು ಇನ್ನೊಬ್ಬರು ನೋಡುವಂತಿಲ್ಲ, ಕೇಳಬಹುದು. ವರ್ಷಾಂತ್ಯದ ದಾಸ್ತಾನು ಕಡಿಮೆ ಬಂದಿರುತ್ತದೆ. ಒಬ್ಬರೇ ಇದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಕಾರಣ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ) ತಳ್ಳಿ ಕೈ ತೊಳೆದುಕೊಳ್ಳುವುದುಂಟು. ಇಲ್ಲಿ ಹಾಗಾಗದು: ಖರೀದಿಯ ಹೊತ್ತಿಗೆ ಕಾಳಿನಲ್ಲಿ ತೇವಾಂಶ ಹೆಚ್ಚಿತ್ತೆಂದು ಬಲ್ಲವರು ಒಬ್ಬರು, ಮಾಲು ತಿಂಗಳುಗಟ್ಟಲೆ ಗೋದಾಮಿನಲ್ಲಿತ್ತೆಂದು ಬಲ್ಲವರು ಇನ್ನೊಬ್ಬರು, ಇಬ್ಬರೂ ಬಾಯಿ ಬಿಟ್ಟಾಗಲೇ ಒಣಗಿ ಇಳಿದ ತೂಕದ ಸುಳಿವು ಸಿಗುತ್ತದೆ. ಒಣಗಿದ್ದರಿಂದ ಎಂದಿನಂತೆ ಆಗುವ ನಷ್ಟದ ವೆಚ್ಚವನ್ನು ಉಳಿದ ಮಾಲಿನ ಮೇಲೆಯೇ ಹಂಚಬೇಕು, ಅಸಹಜ ನಷ್ಟವನ್ನು ಲಾಭನಷ್ಟದ ಖಾತೆಗೆ ಒಯ್ಯಬೇಕು. ಗೆರೆ ಎಲ್ಲಿ ಎಳೆಯಬೇಕೆಂಬ ವಾದ ಏಳುವುದು ಆಗಲೇ. ಕೊರತೆಯಲ್ಲಿ ಒಂದಂಶ ಬಿಲ್ಲಿಲ್ಲದೆ ಮಾರಿದ್ದಿರಬಹುದೇ ಎಂದು ನಗದು ಪುಸ್ತಕ ಹಿಡಿದವರತ್ತ ಎಲ್ಲರೂ ತಿರುಗುವುದೂ ಆಗಲೇ.

ಈ ಉಪಾಯ ನನ್ನದಲ್ಲ. ಪಾಠವನ್ನು ತುಂಡು ಮಾಡಿ ಹಂಚುವ ಜಿಗ್‌ಸಾ ಪದ್ಧತಿಯನ್ನು ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ, ವರ್ಣಭೇದದಿಂದ ಒಡೆದಿದ್ದ ಮಕ್ಕಳನ್ನು ಹತ್ತಿರ ತರಲು ರೂಪಿಸಿದರು.

ಒಬ್ಬರು ದುಡಿದು ಉಳಿದವರು ಹೆಸರು ಬರೆಸಿಕೊಳ್ಳುತ್ತಾರೆಂಬ ಆಕ್ಷೇಪ ಮಾತ್ರ ಪೂರ್ತಿ ನಿಜ. (ಮುಖಪುಟವನ್ನು ಬಣ್ಣದಲ್ಲಿ ಮುದ್ರಿಸಿ ತರುವುದನ್ನೇ ತನ್ನ ಪಾಲಿನ ಕೆಲಸವೆಂದು ನಂಬಿದವರು ಪ್ರತಿ ತರಗತಿಯಲ್ಲೂ ಇರುತ್ತಾರೆ.) ಅದಕ್ಕೇ ಗುಂಪಿನ ವರದಿಗೆ ಅಲ್ಪ ಅಂಕವಿಟ್ಟು, ಹೆಚ್ಚಿನದನ್ನು ಮೌಖಿಕ ಪರೀಕ್ಷೆಗೆ ಮೀಸಲಿಡುತ್ತೇನೆ, ಅಲ್ಲಿ ಬ್ಯಾಂಕಿನ ವಿವರ ಹಿಡಿದಿದ್ದವರು ದಾಸ್ತಾನಿನ ಬಗ್ಗೆ ಉತ್ತರಿಸಬೇಕು.