ಕೂಸಿನ ಜೊತೆ ಬಂದ ಅವ್ವನಿಗೂ ಒಂದು ಜಾಗ

ಧಾರವಾಡ
ಮಂಗಳವಾರ, 15 ಜುಲೈ 2025

ಕಿಟಕಿ ಪಕ್ಕದ ಬೆಂಚು ತೆಗೆದರೆ ಒಂದೊಂದು ವಾರ್ಡಿಗೆ ಇನ್ನೂ ಎರಡು ಬೆಡ್ ಕೂರುತ್ತವೆ, ಅಲ್ವಾ? ಇವತ್ತು ಹುಬ್ಬಳ್ಳಿಯ ಮೀಟಿಂಗಿನಲ್ಲಿ ಹಣದ ಲೆಕ್ಕ ನೋಡುವ ಹಿರಿಯರು ಕೇಳಿದ ಮೊದಲ ಪ್ರಶ್ನೆ ಇದು. ನಾವು ನಕ್ಷೆ ಮಾಡುತ್ತಿರುವುದು ಮಕ್ಕಳ ಆಸ್ಪತ್ರೆಗೆ. ಆ ಬೆಂಚು ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಪ್ರತಿ ಮಂಚಕ್ಕೂ ಒಂದು. ಮಗುವಿನ ತಾಯಿ ಮಲಗುವುದಕ್ಕೆ.

ಅವರ ಪ್ರಶ್ನೆ ತಪ್ಪಲ್ಲ. ಬೆಡ್ ಸಿಗದೆ ವಾಪಸ್ ಹೋಗುವ ಮಗುವಿನ ಸಂಕಟ ಅವರಿಗೂ ಗೊತ್ತು. ಆದರೆ ಬೆಂಚು ತೆಗೆದ ಮಾತ್ರಕ್ಕೆ ತಾಯಿ ಮನೆಗೆ ಹೋಗುವುದಿಲ್ಲ. ಅವಳು ಮಂಚದ ಕೆಳಗೆ ಕೌದಿ ಹಾಸಿಕೊಳ್ಳುತ್ತಾಳೆ. ರಾತ್ರಿ ಎರಡಕ್ಕೆ ಸಲೈನ್ ಬಾಟಲಿ ಬದಲಿಸಲು ಬರುವ ಸಿಸ್ಟರ್ ಅವಳನ್ನು ದಾಟಿಕೊಂಡೇ ಓಡಾಡಬೇಕು. ನಮ್ಮ ಕಡೆಯ ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ರಾತ್ರಿ ಒಂದು ಸುತ್ತು ಹಾಕಿದರೆ ಇದು ಕಾಣುತ್ತದೆ. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆಯಿಂದ ಹುಬ್ಬಳ್ಳಿಗೆ ಬಂದವರು ಸಂಜೆ ಬಸ್ ಹತ್ತಿ ಊರಿಗೆ ಹೋಗಿ ಬರುವುದು ಆಗದ ಮಾತು. ಬುತ್ತಿ ಕಟ್ಟಿಕೊಂಡು, ಅಜ್ಜಿಯನ್ನೂ ಇನ್ನೊಂದು ಚಿಕ್ಕ ಕೂಸನ್ನೂ ಜೊತೆಗೆ ಕರೆದುಕೊಂಡೇ ಬಂದಿರುತ್ತಾರೆ.

ಇಂಗ್ಲೆಂಡಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮಗುವನ್ನು ಒಳಗೆ ಸೇರಿಸಿಕೊಂಡು ತಂದೆ ತಾಯಿಯನ್ನು ಹೊರಗೆ ಕಳಿಸುತ್ತಿದ್ದ ಕಾಲವಿತ್ತು. ವಾರಕ್ಕೊಮ್ಮೆ ಸ್ವಲ್ಪ ಹೊತ್ತು ನೋಡಲು ಬಿಡುವ ಆಸ್ಪತ್ರೆಗಳೂ ಇದ್ದವು. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬ ನಂಬಿಕೆ. ಹಾಗೆ ಸುಮ್ಮನಾಗುವುದು ಸಮಾಧಾನವಲ್ಲ, ಮಗು ಆಸೆ ಬಿಟ್ಟಿರುವುದರ ಗುರುತು ಎಂದು ಜೇಮ್ಸ್ ರಾಬರ್ಟ್‌ಸನ್ ಎಂಬುವರು 1950ರ ದಶಕದಲ್ಲಿ ತೋರಿಸಿಕೊಟ್ಟರು. 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಸಮಿತಿಯ ಪ್ಲಾಟ್ ವರದಿ ಬಂತು. ತಂದೆ ತಾಯಿ ಯಾವಾಗ ಬೇಕಾದರೂ ಬರಲಿ, ಸಣ್ಣ ಮಕ್ಕಳ ಜೊತೆ ತಾಯಿ ಉಳಿಯಲಿ ಎಂದು ಆ ವರದಿ ಹೇಳಿತು. ಅಲ್ಲಿ ತಾಯಿಯನ್ನು ಒಳಗೆ ಬಿಡಿಸಿಕೊಳ್ಳಲು ಇಷ್ಟೆಲ್ಲ ಹೋರಾಡಬೇಕಾಯಿತು. ನಮ್ಮಲ್ಲಿ ತಾಯಿ ಎಂದೂ ಹೊರಗೆ ಹೋದವಳೇ ಅಲ್ಲ. ನಕ್ಷೆಯಲ್ಲಿ ಮಾತ್ರ ಅವಳಿಗೆ ಜಾಗವಿಲ್ಲ. ನನಗೆ ಜಾಸ್ತಿ ನೋವಾಗುವುದು ಇಲ್ಲೇ.

ಇದು ಬರೀ ಅನುಕೂಲದ ಮಾತಲ್ಲ, ಚಿಕಿತ್ಸೆಯದೇ ಮಾತು ಎಂದು ಮೀಟಿಂಗಿನಲ್ಲಿದ್ದ ಮಕ್ಕಳ ಡಾಕ್ಟರು ಬಿಡಿಸಿ ಹೇಳಿದರು. ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಮೈ ತಾಗುವಂತೆ ಕಟ್ಟಿಡುವ ಕಾಂಗರೂ ಆರೈಕೆ ಶುರುವಾಗಿದ್ದು 1970ರ ದಶಕದ ಕೊನೆಗೆ, ಕೊಲಂಬಿಯಾದ ಬೊಗೊಟಾದಲ್ಲಿ. ಮೊದಲೆಲ್ಲ ಕೂಸು ಸುಧಾರಿಸಿದ ಮೇಲೆ ಇದನ್ನು ಮಾಡುತ್ತಿದ್ದರು. ಹುಟ್ಟಿದ ಕೂಡಲೇ ಶುರು ಮಾಡಿದರೆ ಏನಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳಲ್ಲಿ ಪರೀಕ್ಷೆ ಮಾಡಿತು. 2021ರಲ್ಲಿ ಫಲಿತಾಂಶ ಬಂತು. ಮೊದಲ 28 ದಿನಗಳ ಸಾವು ಶೇಕಡಾ 15.7ರಿಂದ 12ಕ್ಕೆ ಇಳಿದಿತ್ತು. ಲಾಭ ಅಷ್ಟು ಸ್ಪಷ್ಟವಿದ್ದ ಕಾರಣ ಪರೀಕ್ಷೆಯನ್ನೇ ಅಂದುಕೊಂಡದ್ದಕ್ಕಿಂತ ಮೊದಲೇ ನಿಲ್ಲಿಸಿದರು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಇದಕ್ಕಾಗಿ ನವಜಾತ ಶಿಶುಗಳ ಐಸಿಯು ಒಳಗೇ ತಾಯಂದಿರ ಮಂಚ ಹಾಕಿದ್ದರು. ತಾಯಿಗೆ ಮಂಚವೇ ಇಲ್ಲದ ಕಡೆ ದಿನವಿಡೀ ಈ ಆರೈಕೆ ನಡೆಯುವುದು ಹೇಗೆ? ಡಾಕ್ಟರು ಕೇಳಿದ್ದು ಇಷ್ಟೇ. ಯಾರೂ ಉತ್ತರ ಕೊಡಲಿಲ್ಲ.

ಸರ್ಕಾರವೂ ಒಂದು ಕಡೆ ಇದನ್ನು ಒಪ್ಪಿಕೊಂಡಿದೆ. ಅಪೌಷ್ಟಿಕ ಮಕ್ಕಳಿಗೆ ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ (ಎನ್‌ಆರ್‌ಸಿ) ಸುಮಾರು 14 ದಿನ ತಾಯಿಯೂ ಮಗುವಿನ ಜೊತೆಗೇ ಇರುತ್ತಾಳೆ. ಆ ದಿನಗಳ ಕೂಲಿ ನಷ್ಟಕ್ಕೆ ಅವಳಿಗೆ ದುಡ್ಡು ಕೊಡುತ್ತಾರೆ.

ಬೆಂಚು ಉಳಿಯಿತು. ಅದರ ಕೆಳಗೆ ಬೀಗ ಹಾಕಬಹುದಾದ ಖಾನೆಯೂ ಬರುತ್ತದೆ. ಕೇಸ್ ಪೇಪರ್, ದುಡ್ಡು, ಬುತ್ತಿ ಎಲ್ಲ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಯಾರಿಗೆ ನಿದ್ದೆ ಬರುತ್ತದೆ?

ಆಮೇಲೆ ತಾಯಂದಿರ ಸರದಿ. ಕುಂದಗೋಳ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಹಳ ದಿನ ಆಸ್ಪತ್ರೆಯಲ್ಲಿ ಇದ್ದವರು. ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು, "ಸೂಜಿ ಎಲ್ಲಿ ಮಾಡ್ತೀರಿ?" ಎಂದು ಕೇಳಿದರು. ಬೇರೆ ಕೋಣೆಯಲ್ಲಿ ಎಂದೆ. ಅವರ ಮುಖ ಅರಳಿತು. "ಛಲೋ ಆತ್ ನೋಡ್ರಿ. ನಮ್ಮ ಕೂಸು ಮಂಚಾ ಕಂಡ್ರನ ಚೀರತಿತ್ತು. ಮಲಗೂ ಹೊತ್ತಿಗೂ ಚೀರತಿತ್ತು."

ಈ ಕೋಣೆಗೆ ನಾನು ಬಹಳ ಹಟ ಹಿಡಿದಿದ್ದೇನೆ. ರಕ್ತ ತೆಗೆಯುವುದು, ಸಲೈನಿಗೆ ನರದೊಳಗೆ ಸಣ್ಣ ಕೊಳವೆ (ಕ್ಯಾನುಲಾ) ಹಾಕುವುದು, ಡ್ರೆಸ್ಸಿಂಗ್ ಬಿಚ್ಚುವುದು ಎಲ್ಲ ಅಲ್ಲೇ ಆಗಬೇಕು. ಮಂಚದ ಮೇಲೆ ನೋಯಿಸುವ ಕೆಲಸ ಯಾವುದೂ ಆಗಬಾರದು. ಇಷ್ಟು ಜಾಗ ನನ್ನದು, ಇಲ್ಲಿ ಯಾರೂ ಚುಚ್ಚುವುದಿಲ್ಲ ಎಂದು ಗೊತ್ತಾದರೆ ಮಗು ನಿದ್ದೆ ಮಾಡುತ್ತದೆ, ಊಟ ಮಾಡುತ್ತದೆ. ಆ ಕೋಣೆಯಲ್ಲಿ ಮೇಜು ಮಾತ್ರ ಇದ್ದರೆ ಸಾಲದು, ತಾಯಿ ಮಗುವನ್ನು ತೊಡೆ ಮೇಲೆ ಅವುಚಿಕೊಂಡು ಕೂರುವಷ್ಟು ಅಗಲದ ಕುರ್ಚಿಯೂ ಬೇಕು. ನಾಲ್ಕು ಜನ ಕೈಕಾಲು ಒತ್ತಿ ಹಿಡಿದು ಮಲಗಿಸಿದರೆ ಮಗು ಇನ್ನಷ್ಟು ಹೆದರುತ್ತದೆ. ಅವ್ವನ ಎದೆಗೆ ಒರಗಿ ಕುಳಿತಿದ್ದರೆ ಒಂದು ಕೈ ಚಾಚಿಸುವುದು ಸಿಸ್ಟರಿಗೂ ಸುಲಭ.

ಬಣ್ಣದ ವಿಷಯಕ್ಕೆ ಬಂದಾಗ ವಾದ ಜೋರಾಯಿತು. ಗೋಡೆ ತುಂಬ ಕಾರ್ಟೂನ್ ಬರೆಸೋಣ, ಹಳದಿ ಬಳಿಸೋಣ ಅಂದರು ಕೆಲವರು. ಹಿರಿಯ ಸಿಸ್ಟರ್ ತಕ್ಷಣ ಬೇಡ ಎಂದರು. ಹಳದಿ ಗೋಡೆಯ ಬೆಳಕು ಕೂಸಿನ ಮೈಮೇಲೆ ಬಿದ್ದರೆ ಕಾಮಾಲೆ ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ನೀಲಿ ಗೋಡೆ ಇದ್ದರೆ ತುಟಿ ನೀಲಿಗಟ್ಟಿದ್ದು ಗೊತ್ತಾಗುವುದಿಲ್ಲ. ಅದಕ್ಕೇ ಮಂಚದ ಸುತ್ತ ತಿಳಿ ಬಿಳಿ, ಬಣ್ಣವೆಲ್ಲ ಓಡಾಡುವ ದಾರಿಗೆ. ಕಾರ್ಟೂನ್ ಬಗ್ಗೆಯೂ ನನಗೆ ಅನುಮಾನ ಇದೆ. ಮಕ್ಕಳ ವಾರ್ಡಿಗೆ ಬರುವವರಲ್ಲಿ ಹದಿನಾಲ್ಕು, ಹದಿನೈದು ವರ್ಷದವರೂ ಇರುತ್ತಾರೆ. ಆ ಹುಡುಗಿಗೆ ಬೇಕಾದದ್ದು ಪರದೆ, ಒಳಗಿನಿಂದ ಚಿಲಕ ಹಾಕುವ ಬಾತ್‌ರೂಮು, ಓದಲು ಒಂದು ದೀಪ.

ವಾರ್ಡುಗಳಿಗೆ ನಂಬರ್ ಬದಲು ನಮ್ಮ ಸುತ್ತಲಿನ ಪ್ರಾಣಿ ಪಕ್ಷಿಗಳ ಹೆಸರು ಇಡುತ್ತಿದ್ದೇವೆ. ಚಿಗರಿ ಅಂದರೆ ಹುಬ್ಬಳ್ಳಿ ಧಾರವಾಡದ ಮಕ್ಕಳಿಗೆ ಆ ಹೆಸರಿನ ಬಸ್ಸು ನೆನಪಾಗುತ್ತದೆ, ರಾಣೆಬೆನ್ನೂರಿನವರಿಗೆ ಕೃಷ್ಣಮೃಗ. ಬಂಕಾಪುರದ ಕೋಟೆಯ ನವಿಲು ಇನ್ನೊಂದು. ಚಳಿಗಾಲಕ್ಕೆ ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಹೆಬ್ಬಾತು ಮತ್ತೊಂದು. ಬಾಗಿಲಿನ ಹತ್ತಿರದಿಂದಲೇ ನೆಲದ ಮೇಲೆ ಅವುಗಳ ಹೆಜ್ಜೆ ಗುರುತು ಹೋಗುತ್ತದೆ. ಓದು ಬಾರದ ಅಜ್ಜಿಯೂ ಯಾರನ್ನೂ ಕೇಳದೆ ನವಿಲಿನ ಹೆಜ್ಜೆ ಹಿಡಿದು ಮೊಮ್ಮಗಳ ಹತ್ತಿರ ಬರಬೇಕು.

ಕಿಟಕಿಯ ತಳ ನೆಲದಿಂದ ಎರಡೇ ಅಡಿ. ಮಲಗಿದ ಮಗುವಿಗೆ ಹೊರಗಿನ ಮರ ಕಾಣಬೇಕು. ಸರಳುಗಳ ನಡುವೆ 10 ಸೆಂಟಿಮೀಟರಿಗಿಂತ ಕಡಿಮೆ ಜಾಗ, ತಲೆ ತೂರದ ಹಾಗೆ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆಗಳನ್ನು ನೋಡಿ ರೋಜರ್ ಉಲ್ರಿಚ್ 1984ರಲ್ಲಿ ಬರೆದದ್ದನ್ನು ನಮ್ಮಂಥ ನಕ್ಷೆಯವರೆಲ್ಲ ಓದಿರುತ್ತೇವೆ. ಕಿಟಕಿಯಲ್ಲಿ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಅವರೆಲ್ಲ ದೊಡ್ಡವರು, ನಿಜ. ಆದರೆ ಬೇವಿನ ಮರದಲ್ಲಿ ಅಳಿಲು ಓಡುವುದನ್ನು ನೋಡುವ ಆಸೆ ಮಕ್ಕಳಿಗೆ ದೊಡ್ಡವರಿಗಿಂತ ಕಡಿಮೆಯೇನಲ್ಲ.

ಬಟ್ಟೆಯ ಮಾತು ತೆಗೆದದ್ದು ನವಲಗುಂದ ಕಡೆಯ ತಾಯಿ. ಮಳೆಗಾಲದಲ್ಲಿ ಕೂಸಿನ ಬಟ್ಟೆ ಎಲ್ಲಿ ಒಣಗಿಸುವುದು? ಆಸ್ಪತ್ರೆಯ ಕಿಟಕಿ ಸರಳಿಗೆ ಹಾಕಿದರೆ ಬೈಗುಳ, ಹಾಕದಿದ್ದರೆ ಹಸಿ ಬಟ್ಟೆ. ಧಾರವಾಡದ ಜುಲೈ ಕಂಡವರಿಗೆ ಇದು ಎಷ್ಟು ದೊಡ್ಡ ಕಷ್ಟ ಎಂದು ಗೊತ್ತು. ಪೂರ್ವದ ಕಡೆ, ಇರಚಲು ಹೊಡೆಯದ ಜಾಗದಲ್ಲಿ, ಮೇಲೆ ಶೀಟು ಹಾಕಿ ಗಾಳಿ ಆಡುವ ಹಾಗೆ ಬಿಡುತ್ತೇವೆ. ಪಕ್ಕದಲ್ಲೇ ಎರಡು ಒಲೆ, ಹಾಲು ಗಂಜಿ ಬಿಸಿ ಮಾಡಲು.

ಗಂಡಸರಿಗೆ ರಾತ್ರಿ ವಾರ್ಡಿನೊಳಗೆ ಪ್ರವೇಶವಿಲ್ಲ. ಹಾಗಾದರೆ ಅಪ್ಪ ಎಲ್ಲಿ ಹೋಗಬೇಕು? ಔಷಧಿ ಚೀಟಿ ಹಿಡಿದು ಓಡುವವನು ಅವನೇ, ರಾತ್ರಿ ರಕ್ತ ಬೇಕಾದರೆ ಹುಡುಕುವವನೂ ಅವನೇ. ವಾರ್ಡಿನ ಹೊರಗೆ ಹಳೇ ಮನೆಯ ಪಡಸಾಲೆಯ ಹಾಗೆ ಒಂದು ಅಗಲವಾದ ಕಟ್ಟೆ ಬರುತ್ತದೆ. ಫೋನ್ ಚಾರ್ಜಿಗೆ ಪಾಯಿಂಟು, ಸ್ನಾನಕ್ಕೆ ನೀರು. ಒಂದು ಮಗುವಿಗೆ ಒಂದೇ ಪಾಸ್ ಎಂಬ ಲೆಕ್ಕ ಬೇಡ ಎಂದೂ ಕೇಳಿದ್ದೇನೆ. ಪಾಸ್ ಎರಡಿದ್ದರೆ ಅಜ್ಜಿ ಬಂದು ಕೂರುತ್ತಾಳೆ, ತಾಯಿ ತಲೆಗೆ ಎರೆದುಕೊಂಡು ಎರಡು ತುತ್ತು ಉಣ್ಣುತ್ತಾಳೆ. ಪಾಸಿನ ತೀರ್ಮಾನ ಇನ್ನೂ ಆಗಿಲ್ಲ.

ಶುಕ್ರವಾರ ಖಾಲಿ ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವಾರ್ಡನ್ನು ಪೂರ್ತಿ ಅಳತೆಗೆ ಬರೆಯುತ್ತೇವೆ. ಸಿಸ್ಟರ್ ನಿಜವಾದ ಮಂಚ, ಔಷಧಿಯ ಟ್ರಾಲಿ, ಸಲೈನ್ ಸ್ಟ್ಯಾಂಡ್ ತರಿಸುತ್ತಾರೆ. ತಾಯಂದಿರೂ ಬರುತ್ತೇವೆ ಎಂದಿದ್ದಾರೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸ್ಟ್ಯಾಂಡ್ ಹಿಡಿದು ಬಾತ್‌ರೂಮಿಗೆ ಹೋಗಿ ಬರಲು ಬಾಗಿಲು ಎಷ್ಟು ಅಗಲ ಬೇಕು ಎನ್ನುವುದನ್ನು ಅವರು ನಡೆದು ನೋಡಿಯೇ ಹೇಳಲಿ. ಅಳತೆ ಅಲ್ಲೇ ಬರೆದುಕೊಳ್ಳುತ್ತೇನೆ.